ಹೆಸರುಳ್ಳ ಹಿರಿಯರಿಗೆ ಮರೆವು ಶುರುವಾದರೆ ಮನೆಯವರು ಮಾಡಬೇಕಾದ್ದು

ಊರಲ್ಲಿ ನಾಲ್ಕು ಜನ ಎದ್ದು ನಿಂತು ಮರ್ಯಾದೆ ಕೊಡುವ ಹಿರಿಯರಿಗೆ ಮರೆವಿನ ಕಾಯಿಲೆ ಬಂದರೆ ಅದು ಗೊತ್ತಾಗುವುದು ತುಂಬ ತಡವಾಗಿ. ಅವರು ತಪ್ಪಿದ ಕಡೆಯೆಲ್ಲ ಪಕ್ಕದವರು ಸರಿಮಾಡಿಕೊಂಡು ಹೋಗುತ್ತಿರುತ್ತಾರೆ. ಕಾರ್ಯದರ್ಶಿ ಲೆಕ್ಕ ತಿದ್ದುತ್ತಾರೆ. ಹೆಂಡತಿ ಬಂದವರ ಹೆಸರನ್ನು ಮೆಲ್ಲನೆ ಕಿವಿಯಲ್ಲಿ ಹೇಳುತ್ತಾರೆ. "ನೀವು ಇದನ್ನು ಆಗಲೇ ಹೇಳಿದ್ರಿ" ಅನ್ನುವ ಧೈರ್ಯ ಯಾರಿಗೂ ಬರುವುದಿಲ್ಲ.

ನನ್ನ ಮಾವ ಅಂಥವರು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಕನ್ನಡ ಶಾಲೆಯ ಹೆಡ್‌ಮಾಸ್ಟರ್ ಆಗಿದ್ದವರು, ಊರಿನ ದೇವಸ್ಥಾನದ ಸಮಿತಿಗೆ ಅಧ್ಯಕ್ಷರಾಗಿದ್ದವರು, ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಹೆಸರು ಮಾಡಿದ ಅರ್ಥಧಾರಿ (ಪಾತ್ರದ ಮಾತು ಆಡುವವರು). ತೋಟದ ಲೆಕ್ಕವೂ ಅವರ ಕೈಯಲ್ಲೇ ಇತ್ತು. ನಾನು ಸೊಸೆ, ದಿನವಿಡೀ ಅವರನ್ನು ನೋಡುವವಳು. ಅವರ ಜೊತೆ ಇದ್ದು ಕಲಿತದ್ದನ್ನು, ಡಾಕ್ಟರ್‌ಗಳಿಂದ ಕೇಳಿ ತಿಳಿದದ್ದನ್ನು ಬರೆಯುತ್ತಿದ್ದೇನೆ. ಇಂಥ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು.

ಹಳೆಯದು ಬೇಡ, ಹೊಸದನ್ನು ಗಮನಿಸಿ

ಮರೆವಿನ ಕಾಯಿಲೆಗಳಲ್ಲಿ ಜಾಸ್ತಿ ಕಾಣುವುದು ಆಲ್ಜೈಮರ್. ಹೊಸ ವಿಷಯವನ್ನು ಹಿಡಿದಿಡುವ ಮೆದುಳಿನ ಭಾಗಕ್ಕೆ ಅದರ ಮೊದಲ ಪೆಟ್ಟು ಬೀಳುತ್ತದೆ. ಎಳವೆಯಲ್ಲಿ ಕಲಿತದ್ದು, ಸಾವಿರ ಸಲ ಹೇಳಿದ್ದು ತುಂಬ ಕಾಲ ಹಾಗೇ ಉಳಿದಿರುತ್ತದೆ. ಹಾಗಾಗಿ ಮಾತು ಚೆನ್ನಾಗಿದೆ, ಶ್ಲೋಕ ಬಾಯಲ್ಲಿದೆ ಅಂದರೆ ಎಲ್ಲ ಸರಿ ಇದೆ ಅಂತ ಅರ್ಥ ಅಲ್ಲ.

ನನಗೆ ಇದು ಮನದಟ್ಟಾದದ್ದು ಒಂದು ತಾಳಮದ್ದಳೆಯಲ್ಲಿ. ಮಾವನದ್ದು ಭೀಷ್ಮ. ಪೀಠಿಕೆ ಎಂದಿನಂತೆ ನೀರು ಹರಿದ ಹಾಗೆ ಬಂತು. ಎದುರು ಪರಶುರಾಮನ ಅರ್ಥ ಹೇಳುತ್ತಿದ್ದವರು ಅವರ ಶಿಷ್ಯನ ವಯಸ್ಸಿನವರು. ಅವರು ಒಂದು ಹೊಸ ಪ್ರಶ್ನೆ ಎತ್ತಿದರು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಲೇ ಕೊಟ್ಟಿದ್ದ ಉತ್ತರವನ್ನೇ ಅದೇ ಮಾತುಗಳಲ್ಲಿ ಕೊಟ್ಟರು. ಪ್ರಶ್ನೆ ಇನ್ನೊಂದು ರೀತಿಯಲ್ಲಿ ಬಂತು. ಮತ್ತೆ ಅದೇ ಉತ್ತರ. ಸಭೆಯವರು ಒತ್ತಿ ಹೇಳುತ್ತಿದ್ದಾರೆ ಅಂದುಕೊಂಡರು. ಹಾಡುವ ಭಾಗವತರಿಗೆ ಮಾತ್ರ ಗೊತ್ತಾಯಿತು. ಅವರು ತಕ್ಷಣ ಮುಂದಿನ ಪದ ಎತ್ತಿಕೊಂಡರು.

ಆ ಭಾಗವತರ ದೊಡ್ಡ ಮನಸ್ಸಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಆದರೆ ಮನೆಯವರು ಅಷ್ಟಕ್ಕೆ ನಿಲ್ಲಬಾರದು. ಯಾರ್ಯಾರು ಹೀಗೆ ಕೈಹಿಡಿದು ನಡೆಸುತ್ತಿದ್ದಾರೆ ಅಂತ ಹುಡುಕಿ. ಸಮಿತಿಯ ಕಾರ್ಯದರ್ಶಿಯನ್ನು, ಬ್ಯಾಂಕಿನವರನ್ನು, ಅಡಿಕೆ ತೆಗೆದುಕೊಳ್ಳುವ ಅಂಗಡಿಯವರನ್ನು ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳಿ. "ಏನಾದ್ರೂ ಬದಲಾವಣೆ ಕಂಡಿದ್ಯಾ?" ಅಂದರೆ ಸಾಕು. ನಾವು ಕೇಳಿದಾಗ ಗೊತ್ತಾಯಿತು, ದೇವಸ್ಥಾನದ ಸಭಾಭವನವನ್ನು ಮಾವ ಒಂದೇ ಮುಹೂರ್ತಕ್ಕೆ ಎರಡು ಮದುವೆಯವರಿಗೆ ಮಾತು ಕೊಟ್ಟಿದ್ದರು. ಕಾರ್ಯದರ್ಶಿ ಒಬ್ಬರನ್ನು ಒಪ್ಪಿಸಿ ದಿನ ಬದಲಿಸಿದ್ದರು.

ಇನ್ನೊಂದು ಒಳ್ಳೆಯ ಗುರುತು, ಹಂತ ಹಂತವಾಗಿ ಮಾಡುವ ಕೆಲಸ ತಪ್ಪುವುದು. ನಮ್ಮಲ್ಲಿ ಕೊಳೆರೋಗಕ್ಕೆ ಮಳೆಗಾಲದ ಮೊದಲು ಅಡಿಕೆಗೆ ಮದ್ದು ಬಿಡುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಆಮೇಲೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಇದನ್ನು ಊರಿಗೆಲ್ಲ ಕಲಿಸಿದವರು ಮಾವ. ಆ ವರ್ಷ ಸುಣ್ಣದ ಚೀಲ ಹಿಡಿದುಕೊಂಡು ಡ್ರಮ್ಮಿನ ಹತ್ತಿರ ನಿಂತೇ ಇದ್ದರು. ಮುಂದೇನು ಅಂತ ತೋಚಲಿಲ್ಲ. ಕೆಲಸದವರ ಮೇಲೆ ರೇಗಿ ಒಳಗೆ ಬಂದರು.

ವಯಸ್ಸಿನ ಸಹಜ ಮರೆವು ಬೇರೆ. ಹೆಸರು ಬಾಯಿಗೆ ಬಾರದೆ ಸಂಜೆ ನೆನಪಾಗುವುದು, ಕನ್ನಡಕ ಹುಡುಕುವುದು, ಇದಕ್ಕೆಲ್ಲ ಹೆದರಬೇಡಿ. ನಿನ್ನೆಯ ಮದುವೆಯಲ್ಲಿ ಯಾರು ಬಡಿಸಿದರು ಅನ್ನುವುದು ಮರೆತರೆ ಪರವಾಗಿಲ್ಲ. ಮದುವೆಗೆ ಹೋದದ್ದೇ ಮರೆತಿದ್ದರೆ ನೋಡಬೇಕು. ಗೊತ್ತಿರುವ ದಾರಿ ತಪ್ಪುವುದು, ಅದೇ ಪ್ರಶ್ನೆ ಹತ್ತು ನಿಮಿಷಕ್ಕೊಮ್ಮೆ ಬರುವುದು, ಇಟ್ಟದ್ದು ಸಿಗದಿದ್ದರೆ ಕೆಲಸದವಳು ಕದ್ದಳು ಅನ್ನುವುದು, ಇಷ್ಟಪಟ್ಟು ಹೋಗುತ್ತಿದ್ದ ಕಡೆ ಹೋಗಲು ಮನಸ್ಸೇ ಇಲ್ಲದಿರುವುದು, ಇವು ಗಮನಿಸಬೇಕಾದವು. "ಅರವತ್ತಕ್ಕೆ ಅರಳು ಮರಳು" ಅಂತ ನೆಂಟರು ಹೇಳಿಯೇ ಹೇಳುತ್ತಾರೆ. ಅದನ್ನು ಕೇಳಿ ಸುಮ್ಮನೆ ಕೂರಬೇಡಿ.

ಹೊರಗೆ ಇರುವ ಮಕ್ಕಳಿಗೆ ಒಂದು ಮಾತು. ನನ್ನ ಭಾವ ಬೆಂಗಳೂರಿನಿಂದ ವಾರ ವಾರ ಫೋನ್ ಮಾಡುತ್ತಾರೆ. "ಮಳೆ ಹೇಗಿದೆ, ಮಕ್ಕಳ ಪರೀಕ್ಷೆ ಮುಗೀತಾ" ಅಂತ ಮಾವ ಚಂದ ಮಾತಾಡುತ್ತಾರೆ. "ಅಪ್ಪ ಸರಿಯಾಗೇ ಇದ್ದಾರಲ್ಲಾ" ಅನ್ನುತ್ತಿದ್ದರು ಭಾವ. ಫೋನಿನ ಮಾತು ರೂಢಿಯ ಮಾತು, ಅದು ತುಂಬ ಕಾಲ ಉಳಿಯುತ್ತದೆ. ಬಂದು ಕೆಲವು ದಿನ ಉಳಿಯಿರಿ. ಜೊತೆಗೆ ಪೇಟೆಗೆ ಹೋಗಿ, ಚಿಲ್ಲರೆ ಎಣಿಸುವುದನ್ನು ನೋಡಿ. ಮನೆಯಲ್ಲಿರುವವರು ಹೇಳುವುದನ್ನು ನಂಬಿ.

ಡಾಕ್ಟರ್ ಹತ್ತಿರ

ಎಲ್ಲ ಮರೆವೂ ಆಲ್ಜೈಮರ್ ಅಲ್ಲ. ಕೆಲವು ಸರಿಹೋಗುತ್ತವೆ. ಬಿ12 ವಿಟಮಿನ್ ಕಮ್ಮಿ ಇರುವುದು ಸಸ್ಯಾಹಾರಿಗಳಲ್ಲಿ ಜಾಸ್ತಿ. ಥೈರಾಯ್ಡ್ ತೊಂದರೆ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಮನಸ್ಸಿನ ಖಿನ್ನತೆ, ಕಿವಿ ಕೇಳದಿರುವುದು, ಇವೆಲ್ಲ ಮರೆವಿನ ಹಾಗೇ ಕಾಣುತ್ತವೆ. ನಿದ್ದೆ ಮಾತ್ರೆ, ಶೀತದ ಕೆಲವು ಮಾತ್ರೆ, ಮೂತ್ರ ತಡೆಯಲು ಕೊಡುವ ಕೆಲವು ಮಾತ್ರೆಗಳೂ ವಯಸ್ಸಾದವರ ತಲೆಯನ್ನು ಮಂಕು ಮಾಡುತ್ತವೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ತೆಗೆದುಕೊಂಡು ಹೋಗಿ, ಆಯುರ್ವೇದದ್ದೂ ಸೇರಿಸಿ. ಪಾಚಿ ಹಿಡಿದ ಅಂಗಳದಲ್ಲಿ ಜಾರಿ ತಲೆಗೆ ಪೆಟ್ಟಾಗಿದ್ದರೆ ಅದನ್ನು ಹೇಳಲೇಬೇಕು. ವಾರಗಳು ಕಳೆದ ಮೇಲೂ ಒಳಗೆ ರಕ್ತ ನಿಂತು ಗೊಂದಲ ಬರಬಹುದು.

ನಿನ್ನೆ ಸರಿಯಾಗಿದ್ದವರು ಇವತ್ತು ಯಾರನ್ನೂ ಗುರುತು ಹಿಡಿಯುತ್ತಿಲ್ಲ, ಏನೇನೋ ಮಾತಾಡುತ್ತಿದ್ದಾರೆ ಅಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮೂತ್ರದ ಸೋಂಕು, ಸೋಡಿಯಂ, ಸಕ್ಕರೆ ಇಳಿದದ್ದು, ಪಾರ್ಶ್ವವಾಯು, ಯಾವುದೂ ಇರಬಹುದು. ನಿಧಾನವಾಗಿ ವರ್ಷಗಳಲ್ಲಿ ಬರುವ ಮರೆವಿನ ಕಾಯಿಲೆ ಹಾಗೆ ರಾತ್ರೋರಾತ್ರಿ ಬರುವುದಿಲ್ಲ.

ಹೋಗುವ ಮೊದಲು ಒಂದು ಪುಸ್ತಕದಲ್ಲಿ ಬರೆದಿಡಿ. "ಮರೆವು ಜಾಸ್ತಿ" ಅಂತ ಬರೆದರೆ ಪ್ರಯೋಜನ ಇಲ್ಲ. "ಶುಕ್ರವಾರ ಬೆಳಿಗ್ಗೆ ಬಿ.ಪಿ. ಮಾತ್ರೆ ಎರಡು ಸಲ ತಗೊಂಡರು" ಅಂತ ಬರೆಯಿರಿ. ಆ ಪುಸ್ತಕವನ್ನು ಡಾಕ್ಟರಿಗೆ ಮೊದಲೇ ಕೊಡಿ. ಹಿರಿಯರ ಎದುರೇ ಅವರ ತಪ್ಪುಗಳನ್ನು ಓದಬೇಡಿ. ಮಾವ ಬರಲು ಒಪ್ಪಲಿಲ್ಲ. ಅವರ ಹಳೆಯ ಸ್ನೇಹಿತರೊಬ್ಬರು "ನಾನೂ ತೋರಿಸ್ತೇನೆ, ಜೊತೆಗೆ ಹೋಗುವ" ಅಂದ ಮೇಲೆ ಅಂಗಿ ಹಾಕಿಕೊಂಡರು. ಸೊಸೆ ಹೇಳಿದರೆ ಆಗದ್ದು ಸ್ನೇಹಿತ ಹೇಳಿದರೆ ಆಗುತ್ತದೆ.

ಭಾಷೆಯ ವಿಷಯ ನಮ್ಮ ಕಾಸರಗೋಡಿನವರಿಗೆ ಮುಖ್ಯ. ನೆನಪಿನ ಪರೀಕ್ಷೆಯಲ್ಲಿ ಪ್ರಶ್ನೆಗಳನ್ನು ಬಾಯಿಮಾತಲ್ಲಿ ಕೇಳುತ್ತಾರೆ. ದಿನಾಂಕ, ಊರು, ಮೂರು ಶಬ್ದ ನೆನಪಿಡುವುದು, ನೂರರಿಂದ ಏಳೇಳು ಕಳೆಯುವುದು, ಹೀಗೆ. ಕನ್ನಡದಲ್ಲೇ ಓದಿ ಕಲಿಸಿದವರಿಗೆ ಮಲೆಯಾಳದಲ್ಲಿ ಕೇಳಿದರೆ ಇಲ್ಲದ ಮರೆವೂ ಕಾಣುತ್ತದೆ. ಕನ್ನಡದಲ್ಲಿ ಅಥವಾ ಮನೆಮಾತಿನಲ್ಲಿ ಕೇಳಿ ಅಂತ ಡಾಕ್ಟರಿಗೆ ಹೇಳಿ. ಅದು ಆಗದಿದ್ದರೆ ಮಂಗಳೂರು ಐವತ್ತು ಕಿಲೋಮೀಟರ್ ಅಷ್ಟೇ. ಕನ್ನಡದಲ್ಲೂ ಇಂಥ ಪರೀಕ್ಷೆಗಳಿವೆ. ಮಾವನಿಗೆ ಜಿಲ್ಲೆ ಯಾವುದು, ರಾಜ್ಯ ಯಾವುದು ಅಂತ ಕೇಳಿದರು. "ದಕ್ಷಿಣ ಕನ್ನಡ, ಮದ್ರಾಸ್" ಅಂದರು. ಅವರು ಹುಡುಗನಾಗಿದ್ದಾಗ ಅದೇ ಸರಿ. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು, ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. ಆದರೆ ನಮ್ಮ ಕಡೆಯ ಎಷ್ಟೋ ಹಿರಿಯರು ಮನಸ್ಸಿನ ನೋವಿಗೂ ಹಾಗೆ ಹೇಳುವುದುಂಟು. ಮರೆತು ಹೇಳಿದ್ದೋ, ಬೇಕಂತ ಹೇಳಿದ್ದೋ ಅನ್ನುವುದು ಮನೆಯವರಿಗೇ ಗೊತ್ತು. ಪಕ್ಕದಲ್ಲಿದ್ದು ಡಾಕ್ಟರಿಗೆ ತಿಳಿಸಿ. ಮಾವನದ್ದು ಮರೆತ ಉತ್ತರವೇ ಆಗಿತ್ತು.

ಡೊನೆಪೆಜಿಲ್, ಮೆಮಂಟಿನ್ ಅನ್ನುವ ಮಾತ್ರೆಗಳಿವೆ. ಕೆಲವರಿಗೆ ಸ್ವಲ್ಪ ಕಾಲ ಅನುಕೂಲ ಆಗುತ್ತದೆ, ಕಾಯಿಲೆ ಗುಣವಾಗುವುದಿಲ್ಲ. ಡೊನೆಪೆಜಿಲ್ ನಾಡಿಬಡಿತವನ್ನು ನಿಧಾನ ಮಾಡಬಹುದು. ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ. ಪೂರ್ತಿ ಗುಣ ಮಾಡುತ್ತೇನೆ ಅನ್ನುವವರ ಹತ್ತಿರ ದುಡ್ಡು ಸುರಿಯಬೇಡಿ.

ಅಧಿಕಾರ ಬಿಡಿಸುವುದು

ಇದು ಎಲ್ಲಕ್ಕಿಂತ ಕಷ್ಟದ್ದು. ಅವರಿಗೆ ಇನ್ನೂ ಅರ್ಥವಾಗುವ ಕಾಲದಲ್ಲೇ, ಅವರ ಬಾಯಿಂದಲೇ ಆಗಬೇಕು. ಅಮೆರಿಕದ ಅಧ್ಯಕ್ಷರಾಗಿದ್ದ ರೇಗನ್ 1994ರಲ್ಲಿ ತಮಗೆ ಆಲ್ಜೈಮರ್ ಬಂದಿದೆ ಅಂತ ತಾವೇ ಜನರಿಗೆ ಕಾಗದ ಬರೆದು ತಿಳಿಸಿದರು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ ಅವರಿಗೂ ಅದೇ ಕಾಯಿಲೆ. ಅವರನ್ನು ಯಾರು ನೋಡಿಕೊಳ್ಳಬೇಕು ಅನ್ನುವ ವಿಷಯ ದೆಹಲಿ ಹೈಕೋರ್ಟಿನವರೆಗೆ ಹೋಯಿತು. 2019ರಲ್ಲಿ ತೀರಿಕೊಂಡರು. ಕೊಂಕಣ ರೈಲಿಗಾಗಿ ಅಷ್ಟು ದುಡಿದ ಮನುಷ್ಯನ ಕೊನೆಗಾಲ ಹಾಗಾದದ್ದು ನನಗೆ ತುಂಬ ನೋವು ಕೊಟ್ಟಿದೆ.

ನಾವು ಮಾಡಿದ್ದು ಹೀಗೆ. ಮೊದಲು ನನ್ನ ಗಂಡ ಮತ್ತು ಕಾರ್ಯದರ್ಶಿ ಕೂತು ಮಾತಾಡಿದರು. "ಅಪ್ಪಾ, ಇನ್ನು ಚೆಕ್ಕಿಗೆ ಎರಡು ಸಹಿ ಇರಲಿ, ಆಡಿಟಿಗೆ ಒಳ್ಳೇದು" ಅಂದರು. ಒಪ್ಪಿದರು. ಸಭಾಭವನದ ಬುಕಿಂಗನ್ನು ಒಂದೇ ಡೈರಿಗೆ ತಂದು ಆಫೀಸಿನಲ್ಲೇ ಇಟ್ಟರು. ಮಾತು ಕೇಳಲು ಬಂದವರಿಗೆ "ಡೈರಿ ನೋಡಿ ಹೇಳ್ತೇನೆ" ಅನ್ನುವುದನ್ನು ಮಾವ ರೂಢಿ ಮಾಡಿಕೊಂಡರು. ಆಮೇಲೆ ಸಭೆ ನಡೆಸುವುದು ಉಪಾಧ್ಯಕ್ಷರಿಗೆ ಹೋಯಿತು. ವಾರ್ಷಿಕ ಜಾತ್ರೆಯ ಸಭೆಯಲ್ಲಿ ಮಾವ ಎದ್ದು ನಿಂತು, "ನನಗೆ ಈಗೀಗ ಕೆಲವು ವಿಷಯ ತಲೆಯಲ್ಲಿ ನಿಲ್ಲುವುದಿಲ್ಲ. ದೇವರ ಕೆಲಸದಲ್ಲಿ ತಪ್ಪಾಗಬಾರದು" ಅಂತ ಹೇಳಿ ಉಪಾಧ್ಯಕ್ಷರ ಕೈಗೆ ಬೀಗದಕೈ ಕೊಟ್ಟರು. ಸಭೆ ಪೂರ್ತಿ ಎದ್ದು ನಿಂತಿತು. ಪ್ರಸಾದ ಮೊದಲು ಅವರಿಗೇ ಸಲ್ಲುವ ಕ್ರಮವನ್ನು ಹಾಗೇ ಉಳಿಸಿದ್ದಾರೆ. ಉಳಿಸಬೇಕು. ಜವಾಬ್ದಾರಿ ತೆಗೆಯಿರಿ, ಮರ್ಯಾದೆ ತೆಗೆಯಬೇಡಿ.

ಮನೆಯ ಕಾಗದಪತ್ರವನ್ನೂ ಆಗಲೇ ಮುಗಿಸಿ. "ಪವರ್ ಆಫ್ ಅಟಾರ್ನಿ ಇದೆಯಲ್ಲಾ" ಅಂತ ತುಂಬ ಜನ ಧೈರ್ಯವಾಗಿರುತ್ತಾರೆ. ಕೊಟ್ಟವರ ಬುದ್ಧಿಶಕ್ತಿ ಹೋದ ಮೇಲೆ ನಮ್ಮ ಕಾನೂನಿನಲ್ಲಿ ಅದು ನಿಲ್ಲುವುದಿಲ್ಲ. ಬ್ಯಾಂಕ್ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸುವ ಹಾಗೆ ಜಂಟಿ ಮಾಡಿಸಿ. ಉಯಿಲು ಬರೆಯುವುದಾದರೆ ಇಬ್ಬರು ಸಾಕ್ಷಿಗಳು ಬೇಕು. ಅವತ್ತೇ ಡಾಕ್ಟರರಿಂದ ಬುದ್ಧಿ ಸ್ವಾಧೀನದಲ್ಲಿದೆ ಅನ್ನುವ ಸರ್ಟಿಫಿಕೇಟ್ ತೆಗೆದುಕೊಂಡರೆ ಮುಂದೆ ಜಗಳ ಕಮ್ಮಿ. ತಡವಾದರೆ ರಕ್ಷಕರನ್ನು ನೇಮಿಸಲು ಕೋರ್ಟಿಗೆ ಹೋಗಬೇಕಾಗುತ್ತದೆ. ಸ್ಕೂಟರಿನ ಕೀಯನ್ನೂ ಈ ಪಟ್ಟಿಗೆ ಸೇರಿಸಿ.

ದಿನ ದಿನದ ಬದುಕು

ವಾದ ಮಾಡಬೇಡಿ. ದೀಪ ಹಚ್ಚುವ ಹೊತ್ತಿಗೆ ಮಾವ ಕೊಡೆ ಹುಡುಕುತ್ತಾರೆ. "ಶಾಲೆಗೆ ಹೊತ್ತಾಯಿತು, ಬೀಗ ತೆಗೆಯಬೇಕು." ನಿವೃತ್ತರಾಗಿ ಎಷ್ಟೋ ವರ್ಷವಾಯಿತು ಅಂದರೆ ಅವರಿಗೆ ಅದು ಹೊಸ ಸುದ್ದಿ, ಹೊಸ ದುಃಖ. "ಇವತ್ತು ಯಾವ ಕ್ಲಾಸು ಮಾವ?" ಅಂತ ಕೇಳುತ್ತೇನೆ. ಏಳನೇ ಕ್ಲಾಸಿನ ಲೆಕ್ಕದ ಬಗ್ಗೆ ಮಾತು ಶುರುವಾಗುತ್ತದೆ, ಕೊಡೆ ಅಲ್ಲೇ ಉಳಿಯುತ್ತದೆ. ಸಂಜೆ ಗಲಿಬಿಲಿ ಹೆಚ್ಚಾಗುವುದು ಈ ಕಾಯಿಲೆಯಲ್ಲಿ ಮಾಮೂಲು. ಕತ್ತಲಾಗುವ ಮೊದಲೇ ಲೈಟ್ ಹಾಕಿ. ಟಿ.ವಿ. ನ್ಯೂಸ್ ಬಂದ್ ಮಾಡಿ.

ಕೈಗೆ ಕೆಲಸ ಕೊಡಿ. ಸುಲಿದ ಅಡಿಕೆಯನ್ನು ಮಾವ ಇವತ್ತಿಗೂ ಆಯುತ್ತಾರೆ. ಕಮ್ಮಿ ದರ್ಜೆಯ ಪಟೋರ ಒಂದು ಕಡೆ, ಕರಿಗೋಟು ಒಂದು ಕಡೆ. ಬೆರಳಿಗೆ ಅಡಿಕೆ ತಾಗಿದ ಕೂಡಲೇ ಮುಖದ ಗಾಬರಿ ಇಳಿಯುತ್ತದೆ. ಕೆಲವು ಸಲ ಬೆರಕೆಯಾಗುತ್ತದೆ. ಅವರು ಮಲಗಿದ ಮೇಲೆ ನಾನು ಇನ್ನೊಮ್ಮೆ ಆಯುತ್ತೇನೆ.

ನಮ್ಮ ಮನೆಗಳ ಅಪಾಯವೇ ಬೇರೆ. ಬಾವಿಗೆ ಕಟ್ಟೆ ಇದ್ದರೂ ಬಲೆ ಹಾಕಿಸಿ. ಕೆರೆಗೆ ಬೇಲಿ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ಬಾಯಿಗೆ ಗೇಟು. ಮೈಲುತುತ್ತು, ಕೀಟನಾಶಕ, ಕತ್ತಿ ಎಲ್ಲ ಬೀಗದೊಳಗೆ. ಅಂಗಿಯ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇಡಿ. ಬೈರಾಸು (ಟವೆಲು) ಹೊದ್ದೇ ಹೊರಡುವವರಿಗೆ ಕೊರಳಲ್ಲಿ ನಂಬರ್ ಕೆತ್ತಿದ ಪದಕ ಒಳ್ಳೆಯದು. ಮುಖ್ಯವಾಗಿ, ಆಟೋದವರಿಗೆ, ಬಸ್ಸಿನ ಕಂಡಕ್ಟರಿಗೆ, ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ. ನಾಚಿಕೆ ಬೇಡ. ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಇದೆ ಅಂತ ಅಂದಾಜು.

ಕೇರಳದಲ್ಲಿ ಪಂಚಾಯತಿನ ಪಾಲಿಯೇಟಿವ್ ನರ್ಸ್ (ಗುಣವಾಗದ ಕಾಯಿಲೆಯವರ ಆರೈಕೆ ಮಾಡುವವರು) ಮನೆಗೆ ಬರುವ ವ್ಯವಸ್ಥೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಹಿರಿಯರ ಸಹಾಯವಾಣಿ 14567. ನಿಮ್ಮ ಮನಸ್ಸು ಸೋತರೆ 14416ಕ್ಕೆ ಕರೆ ಮಾಡಿ ಮಾತಾಡಬಹುದು.

ಸೋಲುತ್ತದೆ. ನೋಡಿಕೊಳ್ಳುವವಳು ಮನೆಯ ಹೆಂಗಸು ಅಂತ ಯಾರೂ ಕೂತು ತೀರ್ಮಾನಿಸಿರುವುದಿಲ್ಲ, ಹಾಗೇ ಆಗಿಬಿಡುತ್ತದೆ. ದುಡ್ಡು ಕಳಿಸಿದರೆ ಸಾಕು ಅಂದುಕೊಳ್ಳುವ ಮಕ್ಕಳ ಹತ್ತಿರ ದಿನಗಳನ್ನೇ ಕೇಳಿ. ಈಗ ಭಾವ ಮತ್ತು ನಾದಿನಿ ಸರದಿಯಲ್ಲಿ ಬಂದು ಇರುತ್ತಾರೆ. ಆ ದಿನಗಳಲ್ಲಿ ನಾನು ತವರಿಗೆ ಹೋಗುತ್ತೇನೆ, ನಿದ್ದೆ ಮಾಡುತ್ತೇನೆ. ಶುರುವಿನಲ್ಲಿ ಫೋನ್ ಬರುತ್ತಲೇ ಇರುತ್ತದೆ. ಯಾವ ಮಾತ್ರೆ, ಪಂಚೆ ಎಲ್ಲಿದೆ, ಸ್ನಾನಕ್ಕೆ ಒಪ್ಪುತ್ತಿಲ್ಲ ಏನು ಮಾಡಲಿ ಅಂತ. ಸಮಾಧಾನವಾಗಿ ಹೇಳಿಕೊಡಿ. ಆದರೆ ಅರ್ಧದಲ್ಲಿ ಬಸ್ಸು ಹತ್ತಿ ವಾಪಸ್ ಬರಬೇಡಿ. ಅವರೂ ಕಲಿಯಬೇಕು.