ಅನುಮಾನ ಬಂದ ಜಾಗದಲ್ಲೇ ಅಡಿಟಿಪ್ಪಣಿ: ಮಾರ್ಕ್‌ಡೌನ್‌ನಲ್ಲಿ ಕನ್ನಡ ಬರೆಯುವವರಿಗೆ

ನನ್ನ ಸೋದರಮಾವ ಪ್ರೌಢಶಾಲೆಯ ಮೇಷ್ಟರಾಗಿ ನಿವೃತ್ತರಾದವರು. ತಮ್ಮೂರಿನ ಕೆರೆಯ ಚರಿತ್ರೆಯನ್ನು ಎರಡು ನೋಟ್‌ಬುಕ್ ತುಂಬ ಬರೆದು ಕಳೆದ ವರ್ಷ ನನ್ನ ಕೈಗಿತ್ತರು. ಪುಟಪುಟದಲ್ಲೂ ಕೆಂಪು ಶಾಯಿಯ ನಕ್ಷತ್ರಗಳು. ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು, ಕೆಲವೆಡೆ ನಾಲ್ಕು. ಪ್ರತಿ ನಕ್ಷತ್ರಕ್ಕೂ ಪುಟದ ಕೆಳಗೆ ಒಂದು ಟಿಪ್ಪಣಿ: ಖಂಡುಗ ಎಂದರೆ ಎಷ್ಟು, ತೂಬಿನ ಕಲ್ಲು ಎಲ್ಲಿಂದ ಬಂತು, ಈ ಮಾತು ಹೇಳಿದವರು ಯಾರು. “ಪುಸ್ತಕ ಮಾಡುವಾಗ ಒಂದು ನಕ್ಷತ್ರವನ್ನೂ ಬಿಡಬೇಡಮ್ಮ. ಓದುವವನಿಗೆ ಅನುಮಾನ ಬಂದ ಜಾಗದಲ್ಲೇ ಉತ್ತರ ಸಿಗಬೇಕು” ಎಂದಿದ್ದರು. ಒಟ್ಟು 112 ಟಿಪ್ಪಣಿಗಳಿದ್ದವು. ಅಷ್ಟನ್ನೂ ಮಾರ್ಕ್‌ಡೌನ್ ಕಡತದಲ್ಲಿ ಕೂರಿಸುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಾರ್ಕ್‌ಡೌನ್ ಎಂದರೆ ಶೀರ್ಷಿಕೆ, ದಪ್ಪಕ್ಷರ ಮುಂತಾದವನ್ನು ಸಾದಾ ಪಠ್ಯದಲ್ಲೇ ಸಣ್ಣ ಗುರುತುಗಳಿಂದ ಸೂಚಿಸುವ ಬರವಣಿಗೆಯ ಕ್ರಮ.

ಮೊದಲೇ ಒಂದು ಮಾತು. ಜಾನ್ ಗ್ರೂಬರ್ 2004ರಲ್ಲಿ ಹೊರತಂದ ಮೂಲ ಮಾರ್ಕ್‌ಡೌನ್‌ನಲ್ಲಿ ಅಡಿಟಿಪ್ಪಣಿಯೇ ಇರಲಿಲ್ಲ. ಆಮೇಲೆ ಬಂದ ತಂತ್ರಾಂಶಗಳು ಅದನ್ನು ಸೇರಿಸಿಕೊಂಡವು. ತಂತ್ರಾಂಶ ಬರೆಯುವವರು ಕಡತಗಳನ್ನು ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಅದು ಬಂದದ್ದು 2021ರಲ್ಲಿ. ಆದ್ದರಿಂದ ನೀವು ಬಳಸುವ ತಂತ್ರಾಂಶಕ್ಕೆ ಅಡಿಟಿಪ್ಪಣಿ ಗೊತ್ತೇ ಎಂದು ಎರಡು ಸಾಲು ಬರೆದು ಪರೀಕ್ಷಿಸಿಕೊಳ್ಳಿ. ನಾನು ಬಳಸಿದ್ದು ಜಾನ್ ಮ್ಯಾಕ್‌ಫಾರ್ಲೇನ್ ಅವರ ಪ್ಯಾಂಡಾಕ್. ಒಂದೇ ಸಾದಾ ಕಡತದಿಂದ ಪಿಡಿಎಫ್, ವರ್ಡ್, ಇ-ಪುಸ್ತಕ ಮೂರನ್ನೂ ಅದು ಮಾಡಿಕೊಡುತ್ತದೆ.

ಬರೆಯುವ ಕ್ರಮ ಹೀಗಿದೆ:

ಕೆರೆಯ ಕೆಳಗೆ ಎರಡು ಖಂಡುಗ[^ಖಂಡುಗ] ಗದ್ದೆಯನ್ನು ಬಿಟ್ಟುಕೊಟ್ಟರು.

[^ಖಂಡುಗ]: ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಭೂಮಿಯ ಲೆಕ್ಕದಲ್ಲಿ, ಅಷ್ಟು ಬೀಜ ಬಿತ್ತುವಷ್ಟು ನೆಲ.

ವಾಕ್ಯದೊಳಗೆ ಚೌಕ ಆವರಣ, ಅದರೊಳಗೆ 6ರ ಕೀಲಿಯ ಮೇಲಿರುವ ಮೊನೆಗುರುತು, ಆಮೇಲೆ ಟಿಪ್ಪಣಿಗೊಂದು ಹೆಸರು. ಬೇರೊಂದು ಸಾಲಿನಲ್ಲಿ ಅದೇ ಗುರುತು, ಪಕ್ಕದಲ್ಲಿ ಕೋಲನ್, ಆಮೇಲೆ ಟಿಪ್ಪಣಿ. ಟಿಪ್ಪಣಿಯ ಮೇಲೂ ಕೆಳಗೂ ಒಂದೊಂದು ಖಾಲಿ ಸಾಲು ಇರಲಿ. ಹೆಸರಿನಲ್ಲಿ ಖಾಲಿ ಜಾಗ ಇರಬಾರದು: “ಹಳೆತೂಬು” ಸರಿ, “ಹಳೆ ತೂಬು” ನಡೆಯುವುದಿಲ್ಲ.

ಹೆಸರಿನ ಬದಲು 1, 2, 3 ಎಂದೂ ಕೊಡಬಹುದು. ನನ್ನ ಸಲಹೆ, ಕೊಡಬೇಡಿ. ಮುದ್ರಣದಲ್ಲಿ ಕಾಣುವ ಸಂಖ್ಯೆಯನ್ನು ಪ್ಯಾಂಡಾಕ್ ತಾನೇ ಕ್ರಮವಾಗಿ ಹಾಕುತ್ತದೆ. ನೀವು ಕೊಡುವುದು ಬರಿಯ ಗುರುತು. ಮಾವ ಕರಡು ನೋಡುತ್ತಾ ಏಳನೆಯ ಪುಟದಲ್ಲಿ ಹೊಸ ಟಿಪ್ಪಣಿ ಸೇರಿಸಿದಾಗ ನಾನು ಒಂದು ಸಾಲು ಬರೆದೆ, ಉಳಿದ ಸಂಖ್ಯೆಗಳೆಲ್ಲ ತಾವಾಗಿಯೇ ಮುಂದೆ ಸರಿದವು. ಅದಕ್ಕಿಂತ ಹೆಚ್ಚಾಗಿ, ಕಡತದಲ್ಲಿ 37 ಎಂದು ಕಂಡರೆ ಏನೂ ನೆನಪಾಗುವುದಿಲ್ಲ, “ಖಂಡುಗ” ಎಂದು ಕಂಡರೆ ಎಲ್ಲವೂ ನೆನಪಾಗುತ್ತದೆ.

ಇನ್ನು ಗುರುತನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆ. ಇಡೀ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಯೋಚಿಸಿದ್ದು ಇದನ್ನೇ. ಕನ್ನಡದಲ್ಲಿ ವಿಭಕ್ತಿ ಪದಕ್ಕೆ ಅಂಟಿಕೊಂಡೇ ಬರುತ್ತದೆ. ಹೆಸರಿಗೆ ಟಿಪ್ಪಣಿ ಬೇಕೆಂದು “ಹಲ್ಮಿಡಿ[^ಹಲ್ಮಿಡಿ]ಯಲ್ಲಿ” ಎಂದು ಬರೆದರೆ, ಅಚ್ಚಿನಲ್ಲಿ ಪದದ ನಡುವೆ ಪುಟ್ಟ ಸಂಖ್ಯೆ ಸಿಕ್ಕಿಕೊಂಡು ಓದು ಮುಗ್ಗರಿಸುತ್ತದೆ. ಪ್ರತ್ಯಯ ಮುಗಿದ ಮೇಲೆ ಇಡಿ: “ಹಲ್ಮಿಡಿಯಲ್ಲಿ[^ಹಲ್ಮಿಡಿ]”. ಇಸವಿಗಳಿಗಂತೂ ಈ ನಿಯಮ ತಪ್ಪಬಾರದು. “1936[^ಪತ್ತೆ]ರಲ್ಲಿ” ಎಂದು ಬರೆದರೆ 1936ರ ತಲೆಯ ಮೇಲೆ ಸಣ್ಣ 4 ಕೂತು, ಗಣಿತದ ಘಾತದಂತೆ ಕಾಣುತ್ತದೆ. “1936ರಲ್ಲಿ[^ಪತ್ತೆ]” ಎಂದಾಗ ನಡುವೆ ಅಕ್ಷರಗಳು ಬಂದು ಎರಡು ಸಂಖ್ಯೆಗಳೂ ದೂರವಾಗುತ್ತವೆ.

ವಾಕ್ಯದ ಕೊನೆಗೇ ಎಲ್ಲ ಗುರುತುಗಳನ್ನೂ ತಳ್ಳುವುದು ಹಲವರ ರೂಢಿ. ಇಡೀ ವಾಕ್ಯಕ್ಕೆ ಒಂದೇ ಆಧಾರವಿದ್ದರೆ ಪೂರ್ಣವಿರಾಮದ ನಂತರ ಇಡುವುದು ಸರಿ. ಆದರೆ ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅನುಮಾನ ಹುಟ್ಟುವುದು ಅದಕ್ಕಿಂತ ಎಷ್ಟೋ ಮೊದಲು. ಮಾವ ಪೀಠಿಕೆಯಲ್ಲಿ ಬರೆದ ವಾಕ್ಯವನ್ನೇ ನೋಡಿ: “ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಶಕ 1039ರಲ್ಲಿ[^ಶಕ] ವಿಷ್ಣುವರ್ಧನನ ಆಳ್ವಿಕೆಯಲ್ಲಿ ನಡೆಯಿತು.” ಇಲ್ಲಿ ಓದುಗ ನಿಲ್ಲುವುದು ಶಕ ಎಂಬಲ್ಲಿ. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ 1117 ಬರುತ್ತದೆ ಎಂಬ ಟಿಪ್ಪಣಿ ಅಲ್ಲಿಯೇ ಸಿಗಬೇಕು. “ನಡೆಯಿತು” ಎಂಬಲ್ಲಿ ಸಿಕ್ಕರೆ ಅದು ಯಾವುದಕ್ಕೆಂದು ಹಿಂದಿರುಗಿ ಹುಡುಕಬೇಕಾಗುತ್ತದೆ. ಗುರುತಿಗೂ ಪದಕ್ಕೂ ನಡುವೆ ಖಾಲಿ ಜಾಗ ಬಿಡಬೇಡಿ. ಬಿಟ್ಟರೆ ಸಾಲು ಮುರಿದು ಸಂಖ್ಯೆ ಮುಂದಿನ ಸಾಲಿಗೆ ಒಂಟಿಯಾಗಿ ಹೋಗುತ್ತದೆ.

ಪದದ ಅರ್ಥದಂತಹ ಚಿಕ್ಕ ಟಿಪ್ಪಣಿಗೆ ಪ್ಯಾಂಡಾಕ್‌ನಲ್ಲಿ ಇನ್ನೂ ಸುಲಭದ ದಾರಿಯಿದೆ. ಮೊನೆಗುರುತನ್ನು ಆವರಣದ ಹೊರಗಿಟ್ಟು, ಒಳಗೆ ಟಿಪ್ಪಣಿಯನ್ನೇ ಬರೆದುಬಿಡುವುದು:

ಅವನಿಗೆ ಕೆರೆಗೊಡಗೆಯನ್ನು^[ಕೆರೆ ಕಟ್ಟಿಸಿದವರಿಗೆ ಅಥವಾ ಅದರ ದುರಸ್ತಿ ನೋಡಿಕೊಳ್ಳುವವರಿಗೆ ಬಿಟ್ಟುಕೊಡುವ ಭೂಮಿ.] ಕೊಟ್ಟರು.

ಇದರಲ್ಲಿ ಒಂದೇ ಪ್ಯಾರಾ ಹಿಡಿಯುತ್ತದೆ. ಟಿಪ್ಪಣಿ ಒಂದು ಸಾಲು ದಾಟಿದರೆ ನಾನು ಹೆಸರಿನ ಕ್ರಮಕ್ಕೇ ಮರಳುತ್ತೇನೆ, ಇಲ್ಲವಾದರೆ ಕಡತದಲ್ಲಿ ಮೂಲ ವಾಕ್ಯವೇ ಕಳೆದುಹೋಗುತ್ತದೆ. ಹೆಸರಿನ ಕ್ರಮದಲ್ಲಿ ಎರಡು ಮೂರು ಪ್ಯಾರಾ ಬರೆಯಬಹುದು. ಆದರೆ ಎರಡನೆಯ ಪ್ಯಾರಾದಿಂದ ಪ್ರತಿ ಪ್ಯಾರಾವನ್ನೂ ನಾಲ್ಕು ಖಾಲಿ ಜಾಗ ಬಿಟ್ಟು ಒಳಸರಿಸಿ ಆರಂಭಿಸಬೇಕು. ತೂಬಿನ ಬಗ್ಗೆ ಮಾವ ಬರೆದ ದೀರ್ಘ ಟಿಪ್ಪಣಿಯಲ್ಲಿ ನಾನು ಇದನ್ನು ಮರೆತಿದ್ದೆ. ಅದರ ಎರಡನೆಯ ಪ್ಯಾರಾ ಪುಸ್ತಕದ ಒಡಲಿಗೇ ನುಗ್ಗಿ, ಕೆರೆ ಒಡೆದ ವರ್ಷದ ಕಥೆಯ ನಡುವೆ ಕೂತಿತ್ತು.

ಒಂದೇ ಗುರುತನ್ನು ಮೂರು ಕಡೆ ಹಾಕಿದರೆ ಏನಾಗುತ್ತದೆ? ಗಿಟ್‌ಹಬ್‌ನಲ್ಲಿ ಮೂರಕ್ಕೂ ಒಂದೇ ಸಂಖ್ಯೆ ಬರುತ್ತದೆ. ಪ್ಯಾಂಡಾಕ್ ಮೂರು ಬೇರೆ ಸಂಖ್ಯೆ ಕೊಟ್ಟು ಅದೇ ಟಿಪ್ಪಣಿಯನ್ನು ಮೂರು ಸಲ ಅಚ್ಚು ಹಾಕುತ್ತದೆ. ಹಾಗಾಗಿ ಖಂಡುಗದ ಗುರುತನ್ನು ಪದ ಮೊದಲು ಬಂದ ಜಾಗದಲ್ಲಿ ಮಾತ್ರ ಉಳಿಸಿದೆ.

ಕನ್ನಡದ ಹೆಸರು ಕೊಡುವವರು ಎಚ್ಚರ ವಹಿಸಬೇಕಾದ ಎರಡು ಸಂಗತಿಗಳಿವೆ. ಪ್ಯಾಂಡಾಕ್ ಎರಡೂ ಕಡೆಯ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಅದಕ್ಕೆ ಕಣ್ಣಿಲ್ಲ, ಸಂಕೇತಗಳಷ್ಟೇ ಕಾಣುತ್ತವೆ. ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ಬಗೆಗಿನ ಟಿಪ್ಪಣಿಗೆ [^ರೈಸ್] ಎಂದು ಹೆಸರಿಟ್ಟಿದ್ದೆ. ಎರಡೂ ಕಡೆ ಒಂದೇ ಥರ ಕಾಣುತ್ತಿತ್ತು, ಆದರೂ ಟಿಪ್ಪಣಿ ಕೂರಲಿಲ್ಲ. ಕೊನೆಗೆ ಪದದ ತುದಿಯಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದೆ. ಒಂದು ಸಲ ಒತ್ತಿದಾಗ ಏನೂ ಅಳಿಯಲಿಲ್ಲ. “ರೈಸ್‌ರವರು” ಎಂದು ಒತ್ತಕ್ಷರವಾಗದಂತೆ ಬರೆಯಲು ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ವಿಭಜಕ ಬೀಳುತ್ತದೆಯಲ್ಲ, ಹೆಸರನ್ನು ಅಲ್ಲಿಂದ ನಕಲು ಮಾಡುವಾಗ ಅದೂ ಜೊತೆಗೆ ಬಂದಿತ್ತು. ಅಂದಿನಿಂದ ಅರ್ಧಾಕ್ಷರದಲ್ಲಿ ಮುಗಿಯುವ ಪದವನ್ನು ಹೆಸರಾಗಿ ಇಡುವುದನ್ನೇ ಬಿಟ್ಟೆ. “ಶಾಸನ”, “ತೂಬು”, “ಕೋಡಿ” ಇಂಥವು ನಿಶ್ಚಿಂತೆ.

ಎರಡನೆಯದು ಸೊನ್ನೆ. ಬೇರೆಯವರು ಟೈಪ್ ಮಾಡಿದ ಪಠ್ಯದಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಇರುವುದುಂಟು. “ಖಂಡುಗ” ಮತ್ತು “ಖ೦ಡುಗ” ನಮಗೆ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಅಂಥ ಪಠ್ಯ ಕೈಗೆ ಬಂದರೆ ಮೊದಲು ಸೊನ್ನೆಗಳನ್ನೆಲ್ಲ ಹುಡುಕಿ ಸರಿಪಡಿಸಿಕೊಳ್ಳಿ.

ಪ್ಯಾಂಡಾಕ್‌ನಿಂದ ಪಿಡಿಎಫ್ ಮಾಡಿದರೆ ಟಿಪ್ಪಣಿಗಳು ಆಯಾ ಪುಟದ ಅಡಿಯಲ್ಲೇ ಬರುತ್ತವೆ. ವೆಬ್ ಪುಟದಲ್ಲಿ ಎಲ್ಲವೂ ಕೊನೆಗೆ ಹೋಗುತ್ತವೆ. ಅಚ್ಚಿಗೆ ಕೊಡುವ ಮೊದಲು ಎರಡು ಪರೀಕ್ಷೆ ಮಾಡಿ. ಪರಿವರ್ತಿಸುವಾಗ ಪ್ಯಾಂಡಾಕ್ ಕೊಡುವ ಎಚ್ಚರಿಕೆಗಳನ್ನು ಓದಿ. ಟಿಪ್ಪಣಿ ಬರೆದು ಗುರುತು ಹಾಕುವುದನ್ನು ಮರೆತಿದ್ದರೆ ಅದು ಹೆಸರು ಹಿಡಿದು ಹೇಳುತ್ತದೆ. ಆಮೇಲೆ ಪಿಡಿಎಫ್‌ನಲ್ಲಿ ಮೊನೆಗುರುತನ್ನು ಹುಡುಕಿ; ಗುರುತು ಹಾಕಿ ಟಿಪ್ಪಣಿ ಬರೆಯದಿದ್ದಲ್ಲಿ ಚೌಕ ಆವರಣ ಹಾಗೆಯೇ ಅಚ್ಚಾಗಿರುತ್ತದೆ. ನನಗೆ ಅಂಥದ್ದು ಒಂದು ಸಿಕ್ಕಿತು: [^ಕೋಡಿ]. ನೋಟ್‌ಬುಕ್ ತೆಗೆದು ನೋಡಿದರೆ ಅಲ್ಲಿ ನಕ್ಷತ್ರವಿತ್ತು, ಕೆಳಗೆ ಟಿಪ್ಪಣಿ ಇರಲಿಲ್ಲ. ಮಾವನಿಗೆ ಫೋನ್ ಮಾಡಿ ಕೇಳಿದೆ. ಕೋಡಿ ಬಿದ್ದ ದಿನ ಊರವರು ಬಾಗಿನ ಬಿಡುತ್ತಿದ್ದುದನ್ನು ಅವರು ಅರ್ಧ ಗಂಟೆ ಹೇಳಿದರು, ನಾನು ನಾಲ್ಕು ಸಾಲಿನಲ್ಲಿ ಬರೆದುಕೊಂಡೆ.