ಗೋವಿನಜೋಳಕ್ಕೂ ಸುಣ್ಣ ಬೇಕು

ಗೋವಿನಜೋಳದ ರೊಟ್ಟಿ ತಟ್ಟುವಾಗ ಅಂಚು ಬಿರಿಯುತ್ತದೆ, ಹಿಟ್ಟಿಗೆ ಜಿಗುಟೇ ಬರಲ್ಲ ಅಂತ ಹುಡುಗಿಯರು ಕೇಳುತ್ತಲೇ ಇರುತ್ತಾರೆ. ಬಿಸಿನೀರಲ್ಲಿ ಕಲಸಿ, ಗೋಧಿಹಿಟ್ಟು ಬೆರೆಸಿ ಅಂತ ಎಲ್ಲರೂ ಹೇಳ್ತಾರೆ. ನಾನು ಹೇಳುವುದು ಬೇರೆ. ಕಾಳಿಗೆ ಸುಣ್ಣ ಹಾಕಿ. ಹೌದು, ಎಲೆ ಅಡಿಕೆಗೆ ಹಚ್ಚಿಕೊಳ್ಳುವ ಸುಣ್ಣವೇ. ಬಣ್ಣ, ವಾಸನೆ ಇಲ್ಲದ ಬಿಳಿ ಸುಣ್ಣ ಆಗಬೇಕು. ಗೋಡೆಗೆ ಬಳಿಯುವುದನ್ನು ಮಾತ್ರ ಮುಟ್ಟಬೇಡಿ.

ಒಂದು ಕಿಲೋ ಒಣಕಾಳು, ಮೂರು ಲೀಟರ್ ನೀರು, ಎರಡು ಟೀ ಚಮಚ ಸುಣ್ಣ. ಸ್ಟೀಲ್ ಪಾತ್ರೆ ಇರಲಿ, ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ. ಮುಕ್ಕಾಲು ಗಂಟೆ ಕುದಿಸಿ, ಉಗುರಲ್ಲಿ ಒತ್ತಿದರೆ ಸಿಪ್ಪೆ ಜಾರಬೇಕು, ಆಗ ಒಲೆ ಆರಿಸಿ ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ನೀರು ಹಳದಿಯಾಗಿ, ಕಾಳು ಉಬ್ಬಿರುತ್ತದೆ. ಅಂಗೈಯಲ್ಲಿ ಉಜ್ಜಿ, ಮೂರು ನಾಲ್ಕು ನೀರಲ್ಲಿ ತೊಳೆದು, ಸ್ವಲ್ಪವೇ ನೀರು ಹಾಕಿ ಗಟ್ಟಿಯಾಗಿ ರುಬ್ಬಿ. ಆ ಹಿಟ್ಟನ್ನು ಉಂಡೆ ಕಟ್ಟಿ ಒತ್ತಿ ನೋಡಿ, ಅಂಚು ಬಿರಿಯಲ್ಲ.

ಇದು ಮೆಕ್ಸಿಕೋದ ಹೆಂಗಸರು ಸಾವಿರಾರು ವರ್ಷದಿಂದ ಮಾಡಿಕೊಂಡು ಬಂದ ಕ್ರಮ. 1492ರಲ್ಲಿ ಕೊಲಂಬಸ್ ಅಮೆರಿಕದ ಕಡೆ ಹೋದ ಮೇಲೆ ಗೋವಿನಜೋಳ ಹಡಗು ಹತ್ತಿ ಸ್ಪೇನು, ಇಟಲಿ ಸೇರಿತು. ಕಾಳು ಹೋಯಿತು, ಸುಣ್ಣ ಹೋಗಲಿಲ್ಲ! ಬಡವರು ಮೂರು ಹೊತ್ತೂ ಅದರದ್ದೇ ಗಂಜಿ ಕುಡಿದರು. ಬಿಸಿಲು ಬಿದ್ದ ಕಡೆಯೆಲ್ಲ ಚರ್ಮ ಸುಲಿಯಿತು, ಭೇದಿ ಹಿಡಿಯಿತು, ಬುದ್ಧಿ ಕೆಟ್ಟಿತು. ಪೆಲಾಗ್ರಾ ಅಂತಾರೆ. 1735ರಲ್ಲೇ ಸ್ಪೇನಿನ ಕಸಾಲ್ ಅನ್ನುವ ವೈದ್ಯ ಇದನ್ನು ಗುರುತಿಸಿದ್ದ. ಗೋವಿನಜೋಳದಲ್ಲಿರುವ ನಯಾಸಿನ್ ಅನ್ನುವ ಬಿ ವಿಟಮಿನ್ ಸುಣ್ಣ ಹಾಕದಿದ್ದರೆ ಮೈಗೆ ಹತ್ತುವುದಿಲ್ಲ, ಅದೇ ಕಾರಣ ಅಂತ ಗೊತ್ತಾಗಲು ಇಪ್ಪತ್ತನೇ ಶತಮಾನವೇ ಬರಬೇಕಾಯಿತು. ಬೇಳೆ, ಹಾಲು, ಸೊಪ್ಪು ತಿನ್ನುವ ಮನೆಯವರು ಹೆದರಬೇಕಿಲ್ಲ ಬಿಡಿ.

ಮರಗೆಣಸೂ ಅಷ್ಟೇ, ಅದೂ ದಕ್ಷಿಣ ಅಮೆರಿಕದ್ದು. ಅಲ್ಲಿನವರು ಕಹಿ ಗೆಣಸನ್ನು ತುರಿದು, ಹಿಂಡಿ, ವಿಷದ ರಸ ತೆಗೆದೇ ತಿನ್ನುತ್ತಿದ್ದರು. ನೀವು ಒಳಸಿಪ್ಪೆಯನ್ನೂ ದಪ್ಪಗೆ ಹೆರೆದು, ಮುಚ್ಚಳ ತೆಗೆದು ಬೇಯಿಸಿ, ಬಸಿದ ನೀರು ಚೆಲ್ಲಿ. ಮಕ್ಕಳು ಹಸಿಯದ್ದನ್ನು ಕಚ್ಚದಂತೆ ನೋಡಿಕೊಳ್ಳಿ. ರಾಜ್ಮಾನೂ ಆ ಕಡೆಯ ಕಾಳೇ. ನೆನೆಸಿದ ನೀರು ಚೆಲ್ಲಿ, ಹತ್ತು ನಿಮಿಷವಾದರೂ ಕೊತಕೊತ ಕುದಿಯಲೇಬೇಕು, ಅರೆಬೆಂದದ್ದು ತಿಂದರೆ ವಾಂತಿ ಗ್ಯಾರಂಟಿ. ಹಸಿರುಗಟ್ಟಿದ ಆಲೂಗಡ್ಡೆ ಎಸೆದುಬಿಡಿ, ಎರಡು ರೂಪಾಯಿ ಹೋದರೆ ಹೋಗಲಿ.

ಬೆಳೆ ಈ ಕಡೆ ಬಂದಾಗ ಆ ಕಡೆಗೆ ಹೋದದ್ದೇನು ಗೊತ್ತಾ? ಕುದುರೆ, ದನ, ಹಂದಿ, ಗೋಧಿ, ಕಬ್ಬು, ಇವೆಲ್ಲ ಹೋದವು. ಜೊತೆಗೆ ಸಿಡುಬು. 1518ರಲ್ಲಿ ಕೆರಿಬಿಯನ್ ದ್ವೀಪಗಳಲ್ಲಿ ಹಬ್ಬಿ, 1520ರಲ್ಲಿ ಮೆಕ್ಸಿಕೋ ಮುಟ್ಟಿತು. ಅಜ್ಟೆಕ್ ದೊರೆ ಕ್ವಿಟ್ಲಾವಾಕ್ ಪಟ್ಟಕ್ಕೆ ಬಂದು ಮೂರು ತಿಂಗಳು ತುಂಬುವ ಮೊದಲೇ ಅದರಲ್ಲೇ ಹೋದ. ಸಿಡುಬು ಒಮ್ಮೆ ಬಂದು ಬದುಕಿದವರಿಗೆ ಮತ್ತೆ ಬರುತ್ತಿರಲಿಲ್ಲ, ಆದರೆ ಅಲ್ಲಿ ಯಾರಿಗೂ ಮೊದಲು ಬಂದೇ ಇರಲಿಲ್ಲವಲ್ಲ, ಮನೆಮಂದಿಯೆಲ್ಲ ಒಟ್ಟಿಗೆ ಮಲಗಿಬಿಟ್ಟರು, ನೀರು ಕೊಡುವ ಕೈಯೂ ಇಲ್ಲದೆ ಎಷ್ಟೋ ಜನ ಹಸಿವಿನಲ್ಲೇ ಸತ್ತರು. ಸಿಡುಬು ಈಗ ಪ್ರಪಂಚದಲ್ಲೇ ಇಲ್ಲ. ಆದರೆ ಮನೆಯಲ್ಲಿ ಮಗುವಿಗೆ ಸೀತಾಳೆ ಆದಾಗ ಇದನ್ನು ನೆನಪಿಡಿ. ಮೊದಲೇ ಆಗಿ ಹೋದವರೇ ಆರೈಕೆಗೆ ನಿಲ್ಲಲಿ. ಆಗದಿದ್ದವರು, ಅದರಲ್ಲೂ ಬಸುರಿ ಹೆಂಗಸರು, ಆ ಕೋಣೆಗೆ ಕಾಲಿಡುವುದು ಬೇಡ.

ಅಮೆರಿಕದ ಈ ಬೆಳೆಗಳೆಲ್ಲ ಬರುವ ಮೊದಲು ನಮ್ಮ ಅಡುಗೆ ಹೇಗಿತ್ತು ಅಂತ ನೋಡಬೇಕಾ? ತಿಥಿ ಊಟಕ್ಕೆ ಕೂತು ನೋಡಿ. ಸಂಪ್ರದಾಯ ಬಿಡದ ಮನೆಗಳಲ್ಲಿ ಆವತ್ತು ಮೆಣಸಿನಕಾಯಿ ಇಲ್ಲ, ಟೊಮೇಟೊ ಇಲ್ಲ, ಆಲೂಗಡ್ಡೆ ಇಲ್ಲ. ಪೋರ್ಚುಗೀಸರ ಹಡಗಲ್ಲಿ ಮೆಣಸಿನಕಾಯಿ ಬರುವ ತನಕ ಖಾರಕ್ಕೆ ಕಾಳುಮೆಣಸು, ಹಿಪ್ಪಲಿ, ಶುಂಠಿಯೇ ಗತಿ. ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಸಾರು ಸಾರೇ ಅಲ್ಲ ಅನ್ನುವವಳು ನಾನು, ಆದರೂ ಹೊಟ್ಟೆ ಉರಿ ಇರುವವರಿಗೆ ಒಂದು ವಾರ ಹುಳಿ ಕಡಿಮೆ ಮಾಡಿ ತಿಥಿ ಸಾರನ್ನೇ ಹಾಕಿ ನೋಡಿ, ಕೆಲವರಿಗೆ ಹಿಡಿಸುತ್ತದೆ. ಕಾಳುಮೆಣಸನ್ನು ಮೊದಲೇ ಹಾಕಿ ಕುದಿಸಬೇಡಿ, ಘಮವೆಲ್ಲ ಹಾರಿಹೋಗುತ್ತದೆ. ಆಗಷ್ಟೇ ಕುಟ್ಟಿದ ಪುಡಿ ಇಳಿಸುವಾಗ ಹಾಕಿ, ತಟ್ಟೆ ಮುಚ್ಚಿ.