ಒಂದೇ ತಳಿ, ಎರಡು ತಾಕು

ವೈನ್ ಮಾಡಲು ಬೆಳೆದ ನನ್ನ ಶೆನಿನ್ ಬ್ಲಾಂ ಎಂಬ ಬಿಳಿ ದ್ರಾಕ್ಷಿಯ ಬಳ್ಳಿಗಳು ಎರಡು ತಾಕುಗಳಲ್ಲಿವೆ. ಒಂದು ಪೂರ್ವದ ಇಳಿಜಾರಿನಲ್ಲಿ. ಸುಣ್ಣಕಲ್ಲು ಬೆರೆತ ಮಣ್ಣು, ನೀರು ನಿಲ್ಲುವುದೇ ಇಲ್ಲ. ಇನ್ನೊಂದು ಕೆಳಗೆ, ಸಮತಟ್ಟಾದ ಫಲವತ್ತು ಜಾಗದಲ್ಲಿ. ಅಲ್ಲಿ ಎಲೆ ಜಾಸ್ತಿ, ಗೊಂಚಲಿಗೆ ನೆರಳೂ ಜಾಸ್ತಿ.

ಮೇಲಿನ ತಾಕಿಗೆ ಬೆಳಗಿನ ಬಿಸಿಲು ಮೊದಲು ಬೀಳುತ್ತದೆ. ಇಬ್ಬನಿ ಬೇಗ ಆರುತ್ತದೆ, ಬೂಷ್ಟು ಹತ್ತುವುದಿಲ್ಲ. ಮಧ್ಯಾಹ್ನದ ಸುಡುಬಿಸಿಲು ತಪ್ಪುವುದರಿಂದ ಹಣ್ಣಿನ ಹುಳಿ ಉಳಿಯುತ್ತದೆ. ಮೊದಲ ಸುಗ್ಗಿಯಲ್ಲಿ ಎರಡೂ ಕಡೆ ಸಕ್ಕರೆ 21 ಬ್ರಿಕ್ಸ್ ಇತ್ತು, ಅಂದರೆ ರಸದ ತೂಕದಲ್ಲಿ ನೂರಕ್ಕೆ ಸುಮಾರು 21 ಪಾಲು. ಆದರೆ ಹುಳಿಯ ಅಳತೆಯಾದ ಪಿಎಚ್ ಮೇಲೆ 3.2, ಕೆಳಗೆ 3.6 (ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ). ಆಗ ಅದನ್ನು ಸಣ್ಣ ವ್ಯತ್ಯಾಸ ಅಂದುಕೊಂಡೆ.

ಎರಡೂ ತಾಕಿನ ವೈನನ್ನು ಒಂದೇ ರೀತಿ ಮಾಡಿದೆ. ಗೊಂಚಲು ಬಿಡಿಸದೆ ಹಿಂಡಿ, ಹಳೇ ಪೀಪಾಯಿಗೆ ತುಂಬಿದೆ. ಯೀಸ್ಟ್ ಹಾಕಲಿಲ್ಲ, ಕೆಡದಂತೆ ಕಾಪಾಡುವ ಸಲ್ಫೈಟ್ ಹಾಕಲಿಲ್ಲ. ಕೆಳಗಿನ ತಾಕಿನ ರಸ ಎರಡೇ ದಿನಕ್ಕೆ ನೊರೆ ಎಬ್ಬಿಸಿತು. ಆಮೇಲೆ ಸಕ್ಕರೆ ಇನ್ನೂ ಇರುವಾಗಲೇ ನಿಂತುಹೋಯಿತು. ಮೂಗು ಹತ್ತಿರ ತಂದರೆ ಉಗುರುಬಣ್ಣದ ವಾಸನೆ, ಹಿಂದೆಯೇ ವಿನೆಗರ್. ಪಿಎಚ್ ಏರಿದಷ್ಟೂ ಬ್ಯಾಕ್ಟೀರಿಯಾಗೆ ಹಬ್ಬ, ಅಲ್ವಾ? ಪೂರ್ತಿ ಚೆಲ್ಲಬೇಕಾಯಿತು.

ಮೇಲಿನದು ನಾಲ್ಕು ದಿನ ಸುಮ್ನೆ ಇತ್ತು. ಐದನೇ ಬೆಳಿಗ್ಗೆ ಪೀಪಾಯಿಯ ಬಾಯಿಗೆ ಕಿವಿ ಇಟ್ಟೆ. ಒಳಗೆ ಚಿಟಿಚಿಟಿ ಸದ್ದು. ಕಂದು ಬಣ್ಣಕ್ಕೆ ತಿರುಗಿದ್ದ ರಸ ದಿನೇ ದಿನೇ ತಿಳಿಯಾಗುತ್ತಾ ಬಂತು. ಎರಡು ತಿಂಗಳು ನಿಧಾನವಾಗಿ ಹುದುಗಿ ಸಕ್ಕರೆ ಪೂರ್ತಿ ಮುಗಿಯಿತು. ಏನೂ ಸೇರಿಸದೆ ಮಾಡುವ ಧೈರ್ಯ ನನಗೆ ಬಂದಿದ್ದು ಆ ಇಳಿಜಾರಿನ ಹುಳಿಯಿಂದಲೇ.

ಈಗ ಸುಗ್ಗಿಗೆ ಒಂದು ವಾರ ಮುಂಚೆ ಒಂದು ಬಕೆಟ್ ಒಳ್ಳೆ ಹಣ್ಣು ಕಿತ್ತು, ತುಳಿದು ಹುದುಗಲು ಬಿಡುತ್ತೇನೆ. ವಾಸನೆ ಶುದ್ಧವಾಗಿದ್ದರೆ ಅದೇ ಹೆಪ್ಪು. ಅನುಮಾನ ಬಂದರೆ ಚೆಲ್ಲಿ ಇನ್ನೊಂದು ಬಕೆಟ್ ಮಾಡುತ್ತೇನೆ. ವೈನ್ ಎಂಟು ತಿಂಗಳು ತಳದಲ್ಲಿ ಕೂತ ಯೀಸ್ಟ್ ಮಡ್ಡಿಯ ಮೇಲೇ ಕೂರುತ್ತದೆ. ಕಡಿಮೆಯಾದಷ್ಟನ್ನು ವಾರವಾರ ತುಂಬುತ್ತೇನೆ, ಗಾಳಿ ಸೇರಬಾರದು. ಶೋಧಿಸುವುದಿಲ್ಲ, ಹಾಗಾಗಿ ಗ್ಲಾಸಿನಲ್ಲಿ ಸ್ವಲ್ಪ ಮಸುಕು ಕಾಣುತ್ತದೆ. ಬಾಯಿಗೆ ಹುಳಿ ಚುರುಕು, ಕೊನೆಯಲ್ಲಿ ಒಂದು ಉಪ್ಪುಪ್ಪು ರುಚಿ.

ಕೆಳಗಿನ ತಾಕನ್ನು ಬಿಟ್ಟಿಲ್ಲ. ಸಾಲುಗಳ ನಡುವೆ ಹುಲ್ಲು ಬೆಳೆಸಿ ಬಳ್ಳಿಯ ಸೊಕ್ಕು ಇಳಿಸಿದ್ದೇನೆ, ಹಣ್ಣನ್ನು ಹತ್ತು ದಿನ ಮೊದಲೇ ಕೀಳುತ್ತೇನೆ. ಕಳೆದ ಸಲ ಪಿಎಚ್ 3.4ಕ್ಕೆ ಬಂತು. ಮುಂದಿನ ಸುಗ್ಗಿಗೆ ಅದರದ್ದೂ ಒಂದು ಪೀಪಾಯಿಗೆ ಹೆಪ್ಪು ಹಾಕುತ್ತೇನೆ.